‘ಮಾತ್ರೆ ತಗೊಂಡು ಬನ್ನಿ’: ಹೊಟ್ಟೆಯಲ್ಲೋ, ಚೀಲದಲ್ಲೋ?

ಮಾನ್ಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ರಕ್ತಪರೀಕ್ಷೆ ಕೌಂಟರಿನಲ್ಲಿ ದಿನವೂ ಹೇಳುವ ಒಂದು ವಾಕ್ಯದಿಂದಾಗಿ ನನ್ನ ಅಕ್ಕನ ಥೈರಾಯ್ಡ್ ಮಾತ್ರೆ ಅರ್ಧಕ್ಕೆ ಇಳಿಯಿತು. ಅಕ್ಕ ಬಸುರಿ. ಅಂದರೆ ಅರ್ಧವಾಗಿದ್ದು ಒಬ್ಬರದ್ದಲ್ಲ, ಇಬ್ಬರದ್ದು. ಆ ವಾಕ್ಯ ಇಷ್ಟೇ: ‘ಖಾಲಿ ಹೊಟ್ಟೇಲಿ ಮಾತ್ರೆ ತಗೊಂಡು ಬನ್ನಿ.’ ಇದರ ಅರ್ಥವೇನೆಂದು ನಿಮ್ಮಲ್ಲಿ ಮೂವರನ್ನು ಕೇಳಿದೆ. ಮೂರು ಉತ್ತರ ಬಂತು. ನಿಮ್ಮನ್ನೇ ಕೇಳೋಣ ಎಂದು ನಿಮ್ಮ ಕೊಠಡಿಯ ಮುಂದೆ ಬಂದು ಕೂತರೆ ‘ಸಾಹೇಬ್ರು ಮೀಟಿಂಗಲ್ಲಿದಾರೆ’ ಅಂದರು. ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ನೀವೊಬ್ಬರೇ ಕಂಡಿರಿ. ಒಬ್ಬರೇ ಕೂತು ಮೀಟಿಂಗ್ ಮಾಡುವುದು ಹೇಗೆ ಎಂಬ ಅನುಮಾನ ಅವತ್ತು ಹುಟ್ಟಿದ್ದು ಇನ್ನೂ ಬಗೆಹರಿದಿಲ್ಲ. ಆದ್ದರಿಂದ ಎಲ್ಲರೂ ಓದುವ ಜಾಗದಲ್ಲಿ ಕೇಳುತ್ತಿದ್ದೇನೆ.

ಮೊದಲೇ ಒಂದು ವಿಷಯ ಹೇಳಿಬಿಡಬೇಕು. ನಾನು ನಿಮ್ಮ ವಿರೋಧಿಯಲ್ಲ, ಅಭಿಮಾನಿ. ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ನೀವು ನಡೆಸಿಕೊಡುವ ಆರೋಗ್ಯದ ಕಾರ್ಯಕ್ರಮವನ್ನು ಹಲ್ಲುಜ್ಜದೆ ಕೇಳುವವನು. ಆರ್ಕುಟ್‌ನಲ್ಲಿ ನಿಮ್ಮ ಮಾತುಗಳಿಗೆಂದೇ ಒಂದು ಕಮ್ಯುನಿಟಿ ಇದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಅದನ್ನು ಶುರುಮಾಡಿದವನು ನಾನೇ. ವಿಜಯನಗರದ ಸೈಬರ್ ಕೆಫೆಯಲ್ಲಿ ಕೂತು, ಆ ವಾರ ನೀವು ಹೇಳಿದ್ದನ್ನೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಟೈಪ್ ಮಾಡಿ ಹಾಕುತ್ತೇನೆ. ಯಾರಾದರೂ ಬಂದು ನಿಮ್ಮನ್ನು ಲೇವಡಿ ಮಾಡಿದರೆ ಅವರ ಜೊತೆ ಪುಟಗಟ್ಟಲೆ ಜಗಳ ಆಡಿದ್ದೇನೆ. ‘ನಿಂಗೇನ್ ಸಿಗುತ್ತೆ ಗುರು ಇದ್ರಿಂದ?’ ಎಂದು ಗೆಳೆಯರು ಕೇಳಿದಾಗ ‘ಇಂಥ ಡಾಕ್ಟ್ರು ನಮ್ಮ ಏರಿಯಾದಲ್ಲಿದಾರೆ ಅನ್ನೋ ಧೈರ್ಯ ಸಿಗುತ್ತೆ’ ಅಂದಿದ್ದೆ. ಆ ಧೈರ್ಯದ ಮೇಲೆಯೇ ಅಕ್ಕನನ್ನು ನಿಮ್ಮ ಆಸ್ಪತ್ರೆಗೆ ಕಳಿಸಿದ್ದು. ಅಭಿಮಾನಿಗೆ ಅನುಮಾನ ಬಂದರೆ ಅದು ಹೊರಗಿನವನ ಅನುಮಾನದ ಹಾಗಿರುವುದಿಲ್ಲ ಸಾರ್. ಹೊರಗಿನವನು ಒಂದು ಸಲ ಬೈದು ಹೋಗುತ್ತಾನೆ. ನಾವು ನಿಮ್ಮ ಹಳೆಯ ಮಾತನ್ನೆಲ್ಲ ತೆಗೆದು ಮತ್ತೆ ಓದಲು ಕೂರುತ್ತೇವೆ.

ನಡೆದದ್ದು ಇದು. ಅಕ್ಕ ಲತಾಳನ್ನು ಮಲ್ಲತ್ತಹಳ್ಳಿಗೆ ಕೊಟ್ಟಿದೆ. ಥೈರಾಯ್ಡ್ ಕಮ್ಮಿ ಇರುವುದು ಮದುವೆಗೆ ಮೊದಲಿನಿಂದಲೂ ಗೊತ್ತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ನೂರು ಮೈಕ್ರೋಗ್ರಾಮಿನ ಮಾತ್ರೆ, ಅದಾಗಿ ಅರ್ಧ ಗಂಟೆ ಬಿಟ್ಟು ಕಾಫಿ. ಬಸುರಿಯಾದ ಮೇಲೆ ಗೋವಿಂದರಾಜನಗರದ ನಮ್ಮ ಮನೆಗೆ ಬಂದಿದ್ದಳು, ನಿಮ್ಮಲ್ಲಿ ಕಾರ್ಡು ಮಾಡಿಸಿದೆವು. ಹಿಂದಿನ ಸಂಜೆ ಹೋಗಿ ಚೀಟಿ ಬರೆಸಿ, ಮರುದಿನ ಬೆಳಿಗ್ಗೆ ರಕ್ತ ಕೊಡುವುದು ನಿಮ್ಮ ಪದ್ಧತಿ. ಆ ಸಂಜೆ ನಾನೂ ಜೊತೆಗಿದ್ದೆ. ಕೌಂಟರಿನ ಕಿಂಡಿಗೆ ಬಾಯಿ ಹತ್ತಿರ ಇಟ್ಟು ಅಕ್ಕ ಕೇಳಿದಳು.

“ಸಾರ್, ನಂಗೆ ಥೈರಾಯ್ಡ್ ಮಾತ್ರೆ ಇದೆ. ನಾಳೆ ಬೆಳಿಗ್ಗೆ ಏನ್ ಮಾಡ್ಲಿ?”

“ಖಾಲಿ ಹೊಟ್ಟೇಲಿ ಮಾತ್ರೆ ತಗೊಂಡು ಬನ್ನಮ್ಮ. ಮುಂದಿನವರು ಬನ್ನಿ!”

ನಮ್ಮ ಮನೆಯಲ್ಲಿ ಮಾತ್ರೆಯನ್ನು ಯಾರೂ ನುಂಗುವುದಿಲ್ಲ, ‘ತಗೊಳ್ಳುತ್ತೇವೆ’. ಅಮ್ಮ ಅಡುಗೆಮನೆಯಿಂದ ‘ಮಾತ್ರೆ ತಗೊಂಡ್ಯೇನೇ?’ ಎಂದು ಕೂಗದ ಬೆಳಗೇ ಇಲ್ಲ. ಆ ಮಾತ್ರೆಯೂ ಖಾಲಿ ಹೊಟ್ಟೆಯದ್ದೇ. ಹೀಗಿರುವಾಗ ಈ ವಾಕ್ಯದಲ್ಲಿ ಅನುಮಾನ ಪಡುವುದಕ್ಕೆ ಏನಿದೆ? ಮಾರನೆಯ ಬೆಳಿಗ್ಗೆ ಅಕ್ಕ ಎದ್ದಳು, ಮಾತ್ರೆ ತಗೊಂಡಳು, ಕಾಫಿ ಬಿಟ್ಟಳು, ಬಂದಳು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು.

ಅದೇ ದಿನ ನಮ್ಮ ಮಹಡಿ ಮನೆಯ ಶಾಂತವ್ವನವರೂ ರಕ್ತ ಕೊಡಲು ಬಂದಿದ್ದರು. ಗದಗದ ಕಡೆಯವರು, ಮಗನ ಕೆಲಸದ ಸಲುವಾಗಿ ಬೆಂಗಳೂರಿಗೆ ಬಂದು ಒಂದು ವರ್ಷವಾಗಿರಬಹುದು. ಅವರಿಗೂ ಅದೇ ಕಾಯಿಲೆ, ಅದೇ ಮಾತ್ರೆ. ಹಿಂದಿನ ಸಂಜೆ ಅದೇ ಕಿಂಡಿಯಲ್ಲಿ ಅದೇ ವಾಕ್ಯ ಕೇಳಿಸಿಕೊಂಡಿದ್ದರು. ಅವರ ಸರದಿ ಬಂದಾಗ ಒಂದು ಪ್ಲಾಸ್ಟಿಕ್ ಚೀಲವನ್ನು ಕಿಂಡಿಯೊಳಗೆ ತೂರಿಸಿದರು.

“ಏನಮ್ಮ ಇದು?” ಅಂದರು ಕೌಂಟರಿನವರು.

“ಗುಳಿಗಿ ರೀ.”

“ಗುಳಿಗೆ ನಂಗ್ಯಾಕೆ ಕೊಡ್ತಾ ಇದೀರಾ?”

“ತಗೊಂಡ್ ಬರ್ರಿ ಅಂದಿದ್ರಲ್ಲ, ತಗೊಂಡ್ ಬಂದೀನಿ. ಎಣಿಸಿ ನೋಡ್ರಿ, ಎಲ್ಲಾ ಅದಾವು. ಇವತ್ತಿಂದೂ ಅದರಾಗೇ ಐತಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ‘ಅಜ್ಜಿ, ನುಂಗಿ ಬನ್ನಿ ಅಂದ್ರೆ ಮೆಡಿಕಲ್ ಸ್ಟೋರನ್ನೇ ಎತ್ಕೊಂಡ್ ಬಂದಿದೀರಲ್ಲ’ ಎಂದು ಹಿಂದಿನಿಂದ ಯಾರೋ ಅಂದರು. ಶಾಂತವ್ವ ಸುಮ್ಮನಿರಲಿಲ್ಲ. “ನುಂಗಾಕ ಹೇಳಿದ್ರ ನುಂಗ್ತಿದ್ನೆಪಾ. ತಗೊಂಡ್ ಬಾ ಅಂದ್ರ ಹೊತ್ಕೊಂಡ್ ಬರೂದಽ ನಮ್ಮ ಕಡೆ” ಅಂದರು. ರಕ್ತ ಕೊಟ್ಟರು. ಯಾರಿಗೂ ಬೇಡವಾದ ಚೀಲವನ್ನು ವಾಪಸ್ ಇಸ್ಕೊಂಡು, ಆಸ್ಪತ್ರೆಯ ನಲ್ಲಿಯ ನೀರಿನಲ್ಲೇ ಮಾತ್ರೆ ನುಂಗಿ ಬಸ್ಸು ಹತ್ತಿದರು.

ಸಂಜೆ ಎರಡೂ ರಿಪೋರ್ಟ್ ಬಂತು. ಶಾಂತವ್ವನದ್ದು ಸರಿಯಾಗಿತ್ತು, ಮಾತ್ರೆ ಹಾಗೇ ಮುಂದುವರಿಯಿತು. ಅಕ್ಕನದ್ದರಲ್ಲಿ ಫ್ರೀ ಟಿ ಫೋರ್, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು, ಮಿತಿಗಿಂತ ಮೇಲಿತ್ತು. ಇಬ್ಬರ ರಿಪೋರ್ಟಿನಲ್ಲೂ ಟಿಎಸ್‌ಎಚ್ ಎಂಬ ಇನ್ನೊಂದು ಪರೀಕ್ಷೆಯ ಸಾಲಿನ ಮುಂದೆ ಖಾಲಿ. ಆ ಹೊತ್ತಿಗಿದ್ದ ಡ್ಯೂಟಿ ಡಾಕ್ಟರು ಅಕ್ಕನ ಹಾಳೆಯನ್ನು ನೋಡಿದರು, ಅಕ್ಕನನ್ನು ನೋಡಲಿಲ್ಲ.

“ಥೈರಾಯ್ಡ್ ಜಾಸ್ತಿ ಆಗಿದೆ. ನೂರು ಬೇಡ, ಐವತ್ತು ಸಾಕು.”

“ಬಸುರೀಲಿ ಇನ್ನೂ ಜಾಸ್ತಿನೇ ಬೇಕಾಗಬಹುದು ಅಂದಿದ್ರು ಸಾರ್ ಮೊದಲು ತೋರಿಸ್ದಾಗ...”

“ರಿಪೋರ್ಟ್ ನೋಡ್ತಾ ಇರೋದು ನಾನಾ, ನೀವಾ?”

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರಿಂದ ಅಕ್ಕ ಚೀಟಿ ಎತ್ತಿಕೊಂಡು ಎದ್ದಳು. ‘ಇವತ್ತು ಬೆಳಿಗ್ಗೆ ಮಾತ್ರೆ ನುಂಗಿ ಬಂದಿದ್ದೀರಾ?’ ಎಂಬ ಇನ್ನೊಂದು ಪ್ರಶ್ನೆ ಇತ್ತು ಸಾರ್. ಅದನ್ನು ಕೇಳಿದ್ದರೆ ಅವಳಿಗೆ ಅದರ ಉತ್ತರವೂ ಗೊತ್ತಿತ್ತು.

ಆಮೇಲಿನ ವಾರಗಳಲ್ಲಿ ಅಕ್ಕ ನಿಧಾನವಾಗುತ್ತಾ ಹೋದಳು. ನನಗೆ ಬೈಯುವುದನ್ನು ನಿಲ್ಲಿಸಿದಳು, ಅದೇ ಮೊದಲ ಲಕ್ಷಣ. ಮಾತು ಶುರುಮಾಡಿ ಅರ್ಧದಲ್ಲಿ ಬಿಡುತ್ತಿದ್ದಳು. ದನಿ ದಪ್ಪವಾಯಿತು. ಬೆಳಿಗ್ಗೆ ಮುಖ ಊದಿಕೊಂಡಿರುತ್ತಿತ್ತು. ಬಿಸಿಲಲ್ಲೂ ಸ್ವೆಟರ್ ಕೇಳುತ್ತಿದ್ದಳು. ‘ಬಸುರಿ ಹೆಂಗಸು ನಿದ್ದೆ ಮಾಡಿದ್ರೂ ತಪ್ಪೇನೋ? ನಿಂಗೆ ಎಲ್ಲದ್ರಲ್ಲೂ ಡೌಟು’ ಎಂದು ಅಮ್ಮ ನನ್ನನ್ನೇ ಗದರಿಸಿದರು. ಡೌಟು ಹೌದು. ಡೌಟು ಇಲ್ಲದವರು ನಮ್ಮ ಮನೆಯಲ್ಲಿ ಸಾಕಷ್ಟು ಜನ ಇದ್ದರು, ಅದಕ್ಕೇ ಅಷ್ಟು ವಾರ ಹೋಯಿತು. ಒಂದು ದಿನ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಮಗ ಸುಮ್ನೆ ಇದೆ ಅನ್ಸುತ್ತೆ ಕಣೋ. ಅದಕ್ಕೂ ನನ್ ಥರಾನೇ ಸುಸ್ತಾ?” ಅಂದಳು. ನಾನು ಅಮ್ಮನನ್ನು ಕೇಳಲಿಲ್ಲ. ಆಟೋ ಕರೆದೆ.

ರಾಜಾಜಿನಗರದ ಒಂದು ಕ್ಲಿನಿಕ್‌ಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಹೊಸದಾಗಿ ರಕ್ತಪರೀಕ್ಷೆ ಬರೆದುಕೊಟ್ಟರು. ‘ಬೆಳಿಗ್ಗೆ ರಕ್ತ ಕೊಟ್ಟು, ಆಮೇಲೆ ಮಾತ್ರೆ ನುಂಗಿ’ ಎಂದು ಬಿಡಿಸಿ ಹೇಳಿದರು. ಈ ಸಲ ಟಿಎಸ್‌ಎಚ್ ಬಂತು, ಎಷ್ಟಿರಬೇಕೋ ಅದಕ್ಕಿಂತ ಎಷ್ಟೋ ಮೇಲೆ. ಹಳೆಯ ರಿಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಅವರು ಕೇಳಿದ ಮೊದಲ ಪ್ರಶ್ನೆ, “ಅವತ್ತು ಮಾತ್ರೆ ನುಂಗಿ ಹೋಗಿದ್ರಾ?”

“ಹೂಂ ಮೇಡಂ. ತಗೊಂಡು ಬನ್ನಿ ಅಂದಿದ್ರು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಇಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ನೀವೇ ತಿದ್ದಿ, ಬಹಿರಂಗವಾಗಿಯೇ ತಿದ್ದಿ. ಮಾತ್ರೆಯಲ್ಲಿ ಇರುವುದೇ ಟಿ ಫೋರ್. ನುಂಗಿದ ಮೇಲೆ ಕೆಲವು ಗಂಟೆ ರಕ್ತದಲ್ಲಿ ಅದು ಏರಿಕೊಂಡಿರುತ್ತದೆ, ಆಮೇಲೆ ತನ್ನಷ್ಟಕ್ಕೆ ಇಳಿಯುತ್ತದೆ. ಸರಿಯಾಗಿ ಆ ಏರಿನಲ್ಲೇ ಸೂಜಿ ಚುಚ್ಚಿದರೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಟಿಎಸ್‌ಎಚ್ ಹಾಗಲ್ಲ. ಅದು ಮೆದುಳಿನ ಕೆಳಗಿನ ಗ್ರಂಥಿಯಿಂದ ಬರುವ ಆರ್ಡರು, ಟಿ ಫೋರ್ ಸಾಲದೇ ಹೋದಷ್ಟೂ ಏರುತ್ತದೆ. ಒಂದು ಬೆಳಗಿನ ಮಾತ್ರೆಗೆ ಅದು ಅಷ್ಟಾಗಿ ಅಲುಗಾಡುವುದಿಲ್ಲ, ಹಿಂದಿನ ವಾರಗಳ ಕಥೆಯನ್ನು ಹೇಳುತ್ತದೆ. ಎರಡನ್ನೂ ಜೋಡಿಸಿ ನೋಡಿದ್ದರೆ ಮೋಸ ಹೋಗುವ ಸಂಭವ ಕಡಿಮೆ. ಒಂದನ್ನೇ ನೋಡಿದರೆ? ಅದೂ ನುಂಗಿ ಬಂದವಳ ಒಂದನ್ನೇ ನೋಡಿದರೆ? ಜಾಸ್ತಿ ಇಲ್ಲದ್ದು ಜಾಸ್ತಿಯಾಗಿ ಕಂಡಿತು, ಸಾಲದೇ ಇದ್ದದ್ದನ್ನು ಅರ್ಧ ಮಾಡಿದರು.

ಡಾಕ್ಟರಮ್ಮ ಮಾತ್ರೆಯನ್ನು ನೂರಕ್ಕೆ ತಂದು ಅದರ ಮೇಲೆ ಇನ್ನೂ ಸ್ವಲ್ಪ ಏರಿಸಿದರು. ಅಕ್ಕ ಕೇಳಿದ್ದು ಒಂದೇ. “ಮಗೂಗೆ ಏನಾದ್ರೂ ಆಗಿರುತ್ತಾ ಮೇಡಂ?”

“ಸ್ಕ್ಯಾನಲ್ಲಿ ಬೆಳವಣಿಗೆ ಸರಿ ಇದೆ. ಈಗ ಡೋಸ್ ಸರಿ ಮಾಡಿದೀವಿ. ಹೆದರ್ಕೋಬೇಡಿ. ನೋಡೋಣ.”

ಆ ‘ನೋಡೋಣ’ ಎಂಬ ಮಾತನ್ನು ನಮ್ಮ ಮನೆಯವರೆಲ್ಲ ಹೊತ್ತುಕೊಂಡು ಓಡಾಡುತ್ತಿದ್ದೇವೆ. ಡಾಕ್ಟರಮ್ಮನ ತಪ್ಪಲ್ಲ ಅದು, ಅದಕ್ಕಿಂತ ಹೆಚ್ಚು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಮಗು ಇನ್ನೂ ಹುಟ್ಟಿಲ್ಲ. ಅಲ್ಲಿಯವರೆಗೂ, ಹುಟ್ಟಿದ ಮೇಲೂ ಎಷ್ಟೋ ದಿನ, ಅದು ಒಂದು ಸಲ ತಡವಾಗಿ ನಕ್ಕರೂ, ತಡವಾಗಿ ಕತ್ತು ಎತ್ತಿದರೂ, ಅಕ್ಕ ಆ ಅರ್ಧ ಮಾತ್ರೆಯ ವಾರಗಳನ್ನೇ ನೆನೆಯುತ್ತಾಳೆ. ಅದಕ್ಕೆ ಯಾವ ರಿಪೋರ್ಟಿನಲ್ಲಿ ಸಾಲಿದೆ?

ಇಷ್ಟನ್ನು ಕಮ್ಯುನಿಟಿಯಲ್ಲಿ ಹಾಕಿದೆ. ನಿಮ್ಮದೇ ಕಮ್ಯುನಿಟಿ, ನಿಮ್ಮದೇ ಅಭಿಮಾನಿಗಳು. ರಿಪ್ಲೈಗಳು ಹೇಗೆ ಬಂದವು ಎಂದರೆ, ಒಬ್ಬ ‘ಟೆಸ್ಟಿಗೆ ಮುಂಚೆ ಒಂದು ವಾರ ಮಾತ್ರೆನೇ ನಿಲ್ಲಿಸ್ಬೇಕು ಮಗಾ, ಆಗ ಒರಿಜಿನಲ್ ಕಾಯಿಲೆ ಗೊತ್ತಾಗೋದು’ ಅಂದ. ಇನ್ನೊಬ್ಬ ತಿಂಗಳುಗಟ್ಟಲೆ ಮರೆತು, ಟೆಸ್ಟಿನ ಹಿಂದಿನ ದಿನ ಎರಡೆರಡು ನುಂಗಿ ಪಾಸಾಗುತ್ತಾನಂತೆ. ರಕ್ತಪರೀಕ್ಷೆಯನ್ನು ಪಿಯುಸಿ ಎಕ್ಸಾಮ್ ಎಂದುಕೊಂಡಿದ್ದಾನೆ! ಮತ್ತೊಬ್ಬಳು ‘ನಮ್ಮತ್ತೆ ಗುರುವಾರ ಉಪವಾಸ, ಅವತ್ತು ಮಾತ್ರೇನೂ ಮುಟ್ಟಲ್ಲ, ಟೆಸ್ಟೂ ಗುರುವಾರನೇ ಮಾಡಿಸ್ತಾರೆ, ಖಾಲಿ ಹೊಟ್ಟೆ ಹೆಂಗೂ ಇರುತ್ತಲ್ಲ’ ಎಂದು ಬರೆದಳು. ನಾನು ಎಲ್ಲವನ್ನೂ ಡಾಕ್ಟರಮ್ಮನಿಗೆ ಒಪ್ಪಿಸಿದೆ. ಅವರು ತಲೆ ಮೇಲೆ ಕೈಯಿಟ್ಟುಕೊಂಡು, “ಯಾವ ದಿನಾನೂ ನಿಲ್ಲಿಸ್ಬೇಡಿ, ಯಾವ ದಿನಾನೂ ಎರಡು ನುಂಗ್ಬೇಡಿ. ಟೆಸ್ಟಿನ ದಿನ ಮಾತ್ರ ರಕ್ತ ಮೊದಲು, ಮಾತ್ರೆ ಆಮೇಲೆ. ಅಷ್ಟೇ ಕಣಪ್ಪ” ಅಂದರು. ಅಷ್ಟೇ ಅಂತೆ. ಇಷ್ಟು ಚಿಕ್ಕ ಮಾತು ಜನರಿಗೆ ಯಾಕೆ ತಲುಪಿಲ್ಲ? ಹೇಳಬೇಕಾದವರು ಹೇಳದೆ ಬಿಟ್ಟ ಜಾಗದಲ್ಲೇ ಅಲ್ಲವೇ ಇಂಥ ಥಿಯರಿಗಳೆಲ್ಲ ಬಂದು ಕೂರುವುದು?

ನಂತರ ನಿಮ್ಮಲ್ಲಿಗೆ ಬಂದೆ. ಕೌಂಟರಿನವರನ್ನು ಮರ್ಯಾದೆಯಿಂದಲೇ ಕೇಳಿದೆ.

“ಅಣ್ಣ, ಮಾತ್ರೆ ತಗೊಂಡು ಬನ್ನಿ ಅಂತೀರಲ್ಲ, ನುಂಗಿ ಬನ್ನಿ ಅಂತಾನಾ, ಕೈಲಿ ಹಿಡ್ಕೊಂಡು ಬನ್ನಿ ಅಂತಾನಾ?”

“ತಗೊಂಡು ಬನ್ನಿ ಅಂದ್ರೆ ತಗೊಂಡು ಬನ್ನಿ ಅಂತ. ಕನ್ನಡ ಬರಲ್ವಾ ನಿಮಗೆ?”

“ಬರುತ್ತೆ. ಅದಕ್ಕೇ ಕೇಳ್ತಾ ಇದೀನಿ.”

“ನೋಡಿ, ನಂಗೆ ಹಿಂದಿನವರು ಹೀಗೆ ಹೇಳಿಕೊಟ್ರು, ನಾನು ಹೀಗೆ ಹೇಳ್ತೀನಿ. ನುಂಗೋದೇ ಇರಬೇಕು. ಮಾತ್ರೆ ಇರೋದು ಇನ್ಯಾತಕ್ಕೆ?”

ಪಕ್ಕದಲ್ಲೇ ರಕ್ತ ತೆಗೆಯುವ ಮೇಡಂ ಇದನ್ನು ಕೇಳಿಸಿಕೊಂಡು ಸೂಜಿ ಹಿಡಿದುಕೊಂಡೇ ಹೊರಗೆ ಬಂದರು. “ಅಯ್ಯೋ ಏನ್ರೀ ನೀವು ಹೇಳ್ತಿರೋದು? ಬಿಪಿ ಮಾತ್ರೆ ನುಂಗಿ ಬರಬೇಕು, ಥೈರಾಯ್ಡ್ ಮಾತ್ರೆ ಕೈಲಿ ತರಬೇಕು, ರಕ್ತ ಕೊಟ್ಟಾದ್ಮೇಲೆ ನುಂಗೋದು!”

“ಹಂಗಂತ ಯಾವತ್ತು ಹೇಳಿದ್ರಿ ಮೇಡಂ ನಂಗೆ?” ಅಂದರು ಕೌಂಟರಿನವರು.

“ನೀವು ಯಾವತ್ತು ಕೇಳಿದ್ರಿ?”

“ಎರಡಕ್ಕೂ ತಗೊಂಡು ಬನ್ನಿ ಅಂತಾನೇ ತಾನೆ ನೀವೂ ಹೇಳೋದು?”

“ಹೌದು. ಬಿಪಿಗೆ ಹೇಳೋ ತಗೊಂಡು ಬನ್ನಿ ಬೇರೆ, ಥೈರಾಯ್ಡ್‌ಗೆ ಹೇಳೋದು ಬೇರೆ. ಗೊತ್ತಾಗಲ್ವಾ ಅಷ್ಟು?”

ಗೊತ್ತಾಗುವುದಿಲ್ಲ ಸಾರ್. ಅದೇ ಬಾಯಿ, ಅದೇ ಕಿಂಡಿ, ಅದೇ ಎರಡು ಪದ. ಒಂದು ಕಾಯಿಲೆಗೆ ಹೊಟ್ಟೆಯಲ್ಲಿ ತರಬೇಕು, ಇನ್ನೊಂದು ಕಾಯಿಲೆಗೆ ಚೀಲದಲ್ಲಿ ತರಬೇಕು. ಎರಡೂ ಕಾಯಿಲೆ ಇರುವವರು ಏನು ಮಾಡಬೇಕು, ಅರ್ಧ ದಾರಿಯಲ್ಲಿ ಬಾಯಿಗೂ ಚೀಲಕ್ಕೂ ಹಂಚಬೇಕೆ? ಇಲ್ಲಿಗೆ ಎರಡು ಉತ್ತರವಾಯಿತು. ಮೂರನೆಯದು ಅದೇ ಡ್ಯೂಟಿ ಡಾಕ್ಟರದ್ದು. “ಹೇಗ್ ಬಂದ್ರೂ ಅಂಥಾ ವ್ಯತ್ಯಾಸ ಏನಿಲ್ಲಪ್ಪ, ನೆಟ್‌ನಲ್ಲಿ ಓದಿ ತಲೆ ಕೆಡಿಸ್ಕೋಬೇಡ” ಅಂದರು. ವ್ಯತ್ಯಾಸವಿಲ್ಲದಿದ್ದರೆ ಮಾತ್ರೆ ಅರ್ಧವಾಗಿದ್ದು ಯಾವ ವ್ಯತ್ಯಾಸ ನೋಡಿ ಎಂದು ಕೇಳಿದೆ. ಮುಂದಿನ ರೋಗಿಯನ್ನು ಕರೆದರು.

ನಿಮ್ಮ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ಇಲ್ಲಿ ಒಂದು ಪ್ರಶಂಸೆ ಸಲ್ಲಬೇಕು, ನೀವು ಬೇಗ ಕ್ರಮ ಕೈಗೊಂಡಿರಿ. ಒಂದು ವಾರದೊಳಗೆ ಕಿಂಡಿಯ ಮೇಲೆ ಹೊಸ ಬೋರ್ಡು ಬಂತು. ನೀಲಿ ಹಲಗೆ, ಬಿಳಿ ಅಕ್ಷರ, ನೋಡಲು ಚೆನ್ನಾಗಿದೆ. ಓದಿದೆ: ‘ಥೈರಾಯ್ಡ್ ರೋಗಿಗಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಂಡು ಬರತಕ್ಕದ್ದು.’

ಅಭಿನಂದನೆಗಳು. ಇದುವರೆಗೆ ಆಡುಮಾತಿನಲ್ಲಿದ್ದ ತಪ್ಪು ಈಗ ಗ್ರಂಥಸ್ಥವಾಯಿತು. ‘ತಗೊಂಡು’ ಹೋಗಿ ‘ತೆಗೆದುಕೊಂಡು’ ಬಂತು, ‘ಬನ್ನಿ’ ಹೋಗಿ ‘ಬರತಕ್ಕದ್ದು’ ಬಂತು. ಅರ್ಥ ಮಾತ್ರ ಇದ್ದಲ್ಲೇ ಇದೆ, ಎರಡು ಕಡೆಗೂ ಕಾಲು ಚಾಚಿಕೊಂಡು. ಇದನ್ನು ಬರೆದವರಿಗೆ ನಿಜವಾಗಿಯೂ ಗೊತ್ತಾಗಲಿಲ್ಲವೇ? ಅಥವಾ ಗೊತ್ತಾಗಿಯೇ ಹೀಗೆ ಬರೆದರೇ, ನಾಳೆ ನುಂಗಿ ಬಂದವನು ದೂರಿದರೆ ‘ತನ್ನಿ ಅಂತಲ್ಲವೇ ಹಾಕಿರುವುದು’ ಎನ್ನಲು, ತಂದವನು ದೂರಿದರೆ ‘ನುಂಗಿ ಅಂತಲ್ಲವೇ ಹಾಕಿರುವುದು’ ಎನ್ನಲು? ‘ನುಂಗಿ’ ಎಂಬುದು ನಮ್ಮಲ್ಲಿ ಮಕ್ಕಳಿಗೂ ತಿಳಿಯುವ ಪದ. ಇಷ್ಟು ಒಳ್ಳೆಯ ಪದ ಕೈಯಲ್ಲಿದ್ದೂ ಅದನ್ನು ಬಿಟ್ಟು ಬರೆಯಬೇಕಾದರೆ ಒಂದೋ ಸೋಮಾರಿತನ ಬೇಕು, ಇಲ್ಲವೇ ಜಾಣತನ. ನಿಮ್ಮ ಕಚೇರಿಯಲ್ಲಿ ಯಾವುದಿದೆ?

ಕಳೆದ ಭಾನುವಾರ ನಿಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದೆ. ಎಷ್ಟೋ ತಿಂಗಳಿಂದ ಪ್ರಯತ್ನಿಸುತ್ತಿದ್ದವನಿಗೆ ಅವತ್ತೇ ಲೈನು ಸಿಕ್ಕಿತು. ಅಕ್ಕ, ಅಮ್ಮ, ಶಾಂತವ್ವ ರೇಡಿಯೋ ಸುತ್ತ ಕೂತಿದ್ದರು. ‘ಸಾರ್, ಥೈರಾಯ್ಡ್ ಟೆಸ್ಟಿನ ದಿನ ಬೆಳಿಗ್ಗೆ ಮಾತ್ರೆ ನುಂಗಿ ಹೋಗಬೇಕಾ, ರಕ್ತ ಕೊಟ್ಟ ಮೇಲೆ ನುಂಗಬೇಕಾ?’ ಎಂದು ಕೇಳಿದೆ. ನೀವು ಏನು ಹೇಳಿದಿರಿ ನೆನಪಿದೆಯೇ? ‘ಬಹಳ ಒಳ್ಳೆಯ ಪ್ರಶ್ನೆ. ಇಂಥ ಜಾಗೃತಿ ಎಲ್ಲರಲ್ಲೂ ಬರಬೇಕು. ಮಾತ್ರೆಯನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು.’ ಆಮೇಲೆ ಹಾಡು ಬಂತು.

ಸಾರ್, ವೈದ್ಯರು ನೀವೇ. ಸಲಹೆ ಕೇಳಿದ್ದು ನಿಮ್ಮನ್ನೇ. ಶಾಂತವ್ವ ರೇಡಿಯೋದ ಕಡೆ ನೋಡಿ, “ಇವರೂ ತಗೋರಿ ಅಂತಽ ಅಂದ್ರಲ್ಲ. ಯಾವ ತಗೋರಿ ಇದು, ಹೊಟ್ಟೀಗೋ ಚೀಲಕ್ಕೋ?” ಅಂದರು. ಆ ವಾರ ನಾನು ಕಮ್ಯುನಿಟಿಯಲ್ಲಿ ನಿಮ್ಮ ಮಾತನ್ನು ಟೈಪ್ ಮಾಡಿ ಹಾಕಲಿಲ್ಲ. ಹಾಕಲು ಏನೂ ಇರಲಿಲ್ಲ.

ಇನ್ನೊಂದು ಅನುಮಾನ, ಇದು ಬೋರ್ಡಿಗಿಂತ ದೊಡ್ಡದು. ಆ ದಿನ ಟಿಎಸ್‌ಎಚ್ ಯಾಕೆ ಖಾಲಿ ಇತ್ತು? ಒಬ್ಬರು ಮೆಷಿನ್ ಕೆಟ್ಟಿತ್ತು ಅಂದರು. ಇನ್ನೊಬ್ಬರು ಮೆಷಿನ್ ಸರಿ ಇತ್ತು, ಕಿಟ್ ಬಂದಿರಲಿಲ್ಲ ಅಂದರು. ಕೌಂಟರಿನವರ ಪ್ರಕಾರ ‘ಡಾಕ್ಟ್ರು ಬರೆದಿರಲ್ಲ, ಅದಕ್ಕೇ ಮಾಡಿರಲ್ಲ.’ ಬರೆದಿದ್ದರು. ಚೀಟಿ ನಮ್ಮ ಹತ್ತಿರವೇ ಇದೆ. ಯಾವ ಕಾರಣವಾದರೂ ಸರಿ, ‘ಇದನ್ನು ಮಾಡಿಲ್ಲ, ಇದಿಲ್ಲದೆ ಮಾತ್ರೆ ಬದಲಿಸಬೇಡಿ’ ಎಂದು ಒಂದು ಮಾತು ರಿಪೋರ್ಟಿನ ಮೇಲೆ ಯಾಕಿರಲಿಲ್ಲ? ಖಾಲಿ ಜಾಗವನ್ನು ಖಾಲಿ ಬಿಟ್ಟರೆ ನೋಡುವವರು ಅದನ್ನು ‘ತೊಂದರೆ ಇಲ್ಲ’ ಎಂದು ಓದಿಕೊಳ್ಳುತ್ತಾರೆ ಎಂಬುದು ನಿಮಗೆ ಹೊಸ ವಿಷಯವೇ?

ಈಗ ಇದನ್ನು ಓದಿ ಯಾರಾದರೂ ಬಂದು ಹೇಳುವ ಮಾತುಗಳು ನನಗೆ ಗೊತ್ತು, ಥ್ರೆಡ್‌ಗಳಲ್ಲೇ ಬೆಳೆದವನು ನಾನು. ‘ಬಸುರಿ ಹೆಂಗಸು ತಾನಾಗಿ ವಿಚಾರಿಸಬೇಕಿತ್ತು’ ಅನ್ನುತ್ತಾರೆ. ವಿಚಾರಿಸಿದಳು, ಕಿಂಡಿಯಲ್ಲಿ ಬಾಯಿಟ್ಟು ವಿಚಾರಿಸಿದಳು. ‘ಅಷ್ಟೊಂದು ಜನರನ್ನು ನೋಡುವ ಆಸ್ಪತ್ರೆಯಲ್ಲಿ ಒಂದು ತಪ್ಪಾಗುವುದು ಸಹಜ’ ಅನ್ನುತ್ತಾರೆ. ಅಷ್ಟೊಂದು ಜನರಿಗೂ ಅದೇ ವಾಕ್ಯ ಹೇಳಿದ್ದಾರಲ್ಲ, ಹಾಗಾದರೆ ಇದು ಒಂದು ತಪ್ಪು ಹೇಗಾಯಿತು? ‘ಇಷ್ಟು ಗೊತ್ತಿದ್ದರೆ ನೀನೇ ಡಾಕ್ಟರಾಗು’ ಅನ್ನುತ್ತಾರೆ. ಬಿ.ಕಾಂ. ಎರಡನೇ ವರ್ಷ, ಈಗ ತಡವಾಯಿತು. ಕೊನೆಗೆ ಒಬ್ಬ ಹೆಸರಿಲ್ಲದವನು ಬಂದು ‘ನಿಂಗೆ ಆಸ್ಪತ್ರೆ ವಿರೋಧಿಗಳು ದುಡ್ಡು ಕೊಟ್ಟಿದಾರೆ’ ಅನ್ನುತ್ತಾನೆ. ಅವನಿಗೆ ಉತ್ತರ ಕೊಡುವುದಿಲ್ಲ.

ನನ್ನನ್ನು ನಿಜವಾಗಿ ನಿದ್ದೆಗೆಡಿಸುತ್ತಿರುವುದು ನಮ್ಮ ಅಕ್ಕನ ವಿಷಯವಷ್ಟೇ ಅಲ್ಲ. ಅವಳಿಗೆ ಡೌಟು ಪಡುವ ತಮ್ಮ ಒಬ್ಬನಿದ್ದ, ಹತ್ತಿರದಲ್ಲಿ ಒಂದು ಕ್ಲಿನಿಕ್ ಇತ್ತು, ಬೇಗ ಅಲ್ಲದಿದ್ದರೂ ಗೊತ್ತಾಯಿತು. ಆ ಬೆಳಿಗ್ಗೆ ಸಾಲಿನಲ್ಲಿ ಅವಳ ಹಿಂದೆ ನಿಂತು ನಗುತ್ತಿದ್ದವರೆಲ್ಲ ನುಂಗಿಯೇ ಬಂದಿದ್ದರು, ಅದಕ್ಕೇ ನಕ್ಕದ್ದು. ಅವರಲ್ಲಿ ಥೈರಾಯ್ಡ್‌ನವರು ಎಷ್ಟು ಜನ? ಎಷ್ಟು ಜನರ ಮಾತ್ರೆ ಆ ಸಂಜೆ ಅರ್ಧವಾಯಿತು? ಈ ಹೊತ್ತಿಗೆ ಎಷ್ಟು ಮನೆಯಲ್ಲಿ ‘ಸೋಮಾರಿ ಆಗಿದಾಳೆ’ ಎಂದು ಬೈಸಿಕೊಂಡು ಮೂಲೆಯಲ್ಲಿ ಸ್ವೆಟರ್ ಹಾಕಿಕೊಂಡು ಒಬ್ಬಳು ಕೂತಿದ್ದಾಳೆ? ಅವರ ಹೆಸರು, ವಿಳಾಸ, ಫೋನ್ ನಂಬರ್ ನನ್ನ ಹತ್ತಿರವಿಲ್ಲ. ನಿಮ್ಮ ಹತ್ತಿರ ಇದೆ.

ಆದ್ದರಿಂದ ನನ್ನ ಒತ್ತಾಯ ಮೊದಲು ಅದು. ಟಿಎಸ್‌ಎಚ್ ಇಲ್ಲದೆ ರಿಪೋರ್ಟ್ ಕೊಟ್ಟ ಆ ದಿನಗಳಲ್ಲಿ ಯಾರ ಯಾರ ಥೈರಾಯ್ಡ್ ಮಾತ್ರೆ ಬದಲಿಸಿದಿರೋ ಅವರನ್ನೆಲ್ಲ ವಾಪಸ್ ಕರೆಸಿ, ಬಸುರಿಯರನ್ನು ಎಲ್ಲರಿಗಿಂತ ಮೊದಲು. ಎರಡೂ ಪರೀಕ್ಷೆಯನ್ನು ಸರಿಯಾಗಿ ಮಾಡಿ, ಅದಕ್ಕೆ ಅವರಿಂದ ಫೀಸು ಕೇಳಬೇಡಿ. ರಕ್ತ ತೆಗೆಯುವಾಗ ‘ಇವತ್ತು ಮಾತ್ರೆ ನುಂಗಿದ್ದೀರಾ, ಎಷ್ಟೊತ್ತಿಗೆ?’ ಎಂದು ಕೇಳಿ ಉತ್ತರವನ್ನು ರಿಪೋರ್ಟಿನ ಮೇಲೆಯೇ ಬರೆಯಿರಿ. ಆ ನೀಲಿ ಬೋರ್ಡನ್ನು ಇಳಿಸಿ. ಹೊಸದನ್ನು ಬರೆಸುವ ಮುನ್ನ ಮೈಸೂರು ಕಡೆಯವರೊಬ್ಬರಿಗೂ ಗದಗದ ಕಡೆಯವರೊಬ್ಬರಿಗೂ ಓದಿಸಿ ನೋಡಿ, ಇಬ್ಬರೂ ಒಂದೇ ಕೆಲಸ ಮಾಡಿದರೆ ಮಾತ್ರ ಗೋಡೆಗೆ ಹೊಡೆಯಿರಿ. ಮುಂದಿನ ಭಾನುವಾರ, ಹಾಡು ಬರುವುದಕ್ಕೆ ಮೊದಲು, ಇದನ್ನು ನಿಮ್ಮ ಬಾಯಿಂದಲೇ ಹೇಳಿ.

ಸೋಮವಾರ ಅಕ್ಕನಿಗೆ ಮತ್ತೆ ನಿಮ್ಮಲ್ಲೇ ರಕ್ತ ಕೊಡುವುದಿದೆ. ಹೆರಿಗೆಯ ಕಾರ್ಡು ನಿಮ್ಮಲ್ಲಿದೆ, ಬೇರೆ ಕಡೆ ಹೋಗುವ ಶಕ್ತಿ ನಮಗಿಲ್ಲ. ಬೋರ್ಡು ಅಷ್ಟರೊಳಗೆ ಬದಲಾಗುತ್ತದೆ ಎಂದು ನಾನು ನಂಬಿ ಕೂರುವುದಿಲ್ಲ. ಅಂದು ನಾನೂ ಬೇಗ ಬಂದು ಸಾಲಿನ ಪಕ್ಕ ನಿಂತು, ಬಂದ ಪ್ರತಿಯೊಬ್ಬರನ್ನೂ ‘ಮಾತ್ರೆ ನುಂಗಿದ್ದೀರಾ, ಇಲ್ಲಾ ತಂದಿದ್ದೀರಾ?’ ಎಂದು ಕೇಳುತ್ತೇನೆ. ನುಂಗಿದವರಿಗೆ ಅದನ್ನು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ ಎನ್ನುತ್ತೇನೆ. ಮಾರನೆಯ ದಿನವೂ ಬರುತ್ತೇನೆ. ನನ್ನನ್ನು ಹೊರಗೆ ಹಾಕಬೇಕು ಅನಿಸಿದರೆ ಸೆಕ್ಯೂರಿಟಿಯವರನ್ನು ಕಳಿಸಿ. ನೀವೇ ಇಳಿದು ಬಂದರೆ ಇನ್ನೂ ಒಳ್ಳೆಯದು, ಅರ್ಧ ಸಾಲನ್ನು ನೀವು ಕೇಳಿ, ಅರ್ಧ ನಾನು ಕೇಳುತ್ತೇನೆ.

ಇಂತಿ,
ನಿಮ್ಮ ಮಾತನ್ನು ಇನ್ನು ಮೇಲೆ ಎರಡು ಸಲ ಕೇಳಿ ಆಮೇಲೆ ನಂಬುವ,
ಈಗಲೂ ನಂಬಲು ಇಷ್ಟಪಡುವ ನಿಮ್ಮ ಅಭಿಮಾನಿ,
ಮೋಹನ್ ಕುಮಾರ್
ಗೋವಿಂದರಾಜನಗರ, 2007